ಮುಚ್ಚಳದ ಮೇಲಿನ ಚಮಚ

ಕಳೆದ ಗುರುವಾರ ಯಲಬುರ್ಗಾದಿಂದ ಊಟಕ್ಕೆ ಬಂದಿದ್ದ ಬೀಗರು ಒಂದೇ ತುತ್ತಿಗೆ ನೀರಿನ ತಂಬಿಗೆ ಹುಡುಕಿದರು. "ಬ್ಯಾಳಿ ಛಲೋ ಆಗೇತ್ರಿ, ಉಪ್ಪು ಒಂಚೂರು ಮುಂದ ಐತಿ" ಎಂದರು. ಮರ್ಯಾದಸ್ಥರು!

ಉಪ್ಪು ಹಾಕಿದ್ದು ನಾನು. ಆಮೇಲೆ ಅತ್ತೆ ಗೌರಮ್ಮನೂ ಹಾಕಿದ್ದರು.

ನಮ್ಮ ಕುಷ್ಟಗಿ ಮನೆಯಲ್ಲೊಂದು ಕಾನೂನಿದೆ. ಬೇಳೆಗೆ ಉಪ್ಪು ಹಾಕಿದವರು ಮುಚ್ಚಳದ ಮೇಲೆ ಚಮಚ ಇಡಬೇಕು. ಚಮಚ ಕಂಡರೆ ಇನ್ನೊಬ್ಬರು ಉಪ್ಪಿನ ಡಬ್ಬಿ ಮುಟ್ಟುವಂತಿಲ್ಲ. ನಾನು ಚಮಚ ಮರೆತು ಲ್ಯಾಪ್‌ಟಾಪ್ ಮುಂದೆ ಓಡಿದ್ದೆ.

ಅಂಥ ಅವಸರ ಏನಿತ್ತು ಅಂತೀರಾ? ನನ್ನ ಕೆಲಸ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್, ಅಂದರೆ ಅದರ ತಿರುಳಿನ ಕೋಡ್ ಬರೆಯುವುದು. ವೇಗ ಹೆಚ್ಚಲಿ ಎಂದು ಸಿ ಕೋಡ್ ನಡುವೆ ಆರು ಸಾಲು ಅಸೆಂಬ್ಲಿ (ಪ್ರೊಸೆಸರ್‌ಗೆ ನೇರ ಆಜ್ಞೆ) ತುರುಕಿದ್ದೆ. ವೇಗ ಬಂತು, ರೋಗವೂ ಬಂತು. ಯಾವಾಗಲೋ ಒಮ್ಮೆ ಮಷೀನು ಗಪ್ಪಂತ ನಿಲ್ಲುತ್ತಿತ್ತು. ಹತ್ತು ದಿನ ಹುಡುಕಿದರೂ ತಪ್ಪು ಸಿಗಲಿಲ್ಲ. "ನಾಳೆಯೊಳಗೆ ಸರಿಹೋಗದಿದ್ದರೆ ನಿಮ್ಮ ಕೋಡ್ ತೆಗೀತೀವಿ ಮೇಡಂ" ಎಂದಿದ್ದರು ಟೀಮ್ ಲೀಡ್. ಮೂರು ತಿಂಗಳ ದುಡಿಮೆ! ಅಳುವೇ ಬಂದಿತ್ತು.

ಬೀಗರು ಹೋದ ಮೇಲೆ ಬೈಗುಳಕ್ಕೆ ತಯಾರಾಗಿ ನಿಂತೆ. ಅತ್ತೆ ಬೈಯಲಿಲ್ಲ.

"ಉಪ್ಪು ಹಾಕಿದ್ದು ತಪ್ಪಲ್ಲವ್ವಾ. ಹಾಕೀನಿ ಅಂತ ಗುರುತು ಇಡಲಿಲ್ಲ ನೋಡು, ಅದು ತಪ್ಪು. ನನಗ ಹೆಂಗ ತಿಳೀಬೇಕು?"

ಗುರುತು! ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಲ್ಯಾಪ್‌ಟಾಪ್‌ಗೆ ಓಡಿದೆ. ಕೋಡನ್ನು ಮಷೀನಿನ ಭಾಷೆಗೆ ಇಳಿಸುವ ಕಂಪೈಲರ್, ಪ್ರೊಸೆಸರ್‌ನ ಪುಟ್ಟ ಖಾನೆಗಳಲ್ಲಿ ತನಗೆ ಬೇಕಾದ ಸಂಖ್ಯೆಗಳನ್ನು ಇಟ್ಟಿರುತ್ತದೆ. ನನ್ನ ಅಸೆಂಬ್ಲಿ ಯಾವ ಖಾನೆಗಳನ್ನು ಬದಲಿಸಿದೆ ಎಂದು ಅದಕ್ಕೆ ಪಟ್ಟಿ ಕೊಡಬೇಕು. ಒಂದರ ಹೆಸರು ಬಿಟ್ಟಿದ್ದೆ! ಆ ಖಾನೆಯಲ್ಲಿ ಹಳೆಯ ಸಂಖ್ಯೆಯೇ ಇದೆ ಎಂದು ನಂಬಿ ಪಾಪ ಕಂಪೈಲರ್ ಮುಂದೆ ಹೋಗುತ್ತಿತ್ತು. ಪಟ್ಟಿಗೆ ಒಂದೇ ಒಂದು ಪದ ಸೇರಿಸಿದೆ. ಮರುದಿನವಿಡೀ ಮಷೀನು ನಿಲ್ಲದೆ ಓಡಿತು, ವೇಗವೂ ಉಳಿಯಿತು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. (ಗಾದೆ ಕಟ್ಟಿದವರು ಅತ್ತೆಯನ್ನು ಮರೆತರು.)

ಕರ್ನಲ್ ಬರೆಯುವವರಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ತಪ್ಪು ಹುಡುಕಲು ದಾರಿ ತೋರಿಸಿದವರ ಹೆಸರನ್ನು ಕೋಡ್ ಜೊತೆಗೇ ಬರೆಯುತ್ತಾರೆ. ನಾನು ಗೌರಮ್ಮ ಎಂದು ಬರೆದೆ. ಲೀಡ್ ಫೋನ್ ಮಾಡಿದರು.

"ಈ ಗೌರಮ್ಮ ಯಾವ ಟೀಮ್ ಮೇಡಂ?"

"ಅಡುಗೆಮನೆ" ಎಂದೆ.

ಪರದೆಯ ಮೇಲೆ ಆ ಹೆಸರನ್ನು ಅತ್ತೆಗೆ ತೋರಿಸಿ, ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ. ಮದುವೆಯಾದ ಒಂಬತ್ತು ವರ್ಷದಲ್ಲಿ ಮೊದಲ ಸಲ. ಅವರು ಬೆರಳಿನಿಂದ ಆ ಹೆಸರನ್ನು ಮುಟ್ಟಿ ನೋಡಿದರು.

"ಇಷ್ಟಕ್ಕ ಹೆಸರು ಬರೀತಾರೇನು? ನಲವತ್ತು ವರ್ಷದಿಂದ ಈ ಮನ್ಯಾಗ ಅಡಗಿ ಮಾಡಾಕತ್ತೀನಿ, ಎಲ್ಲೂ ಯಾರೂ ಬರದಿಲ್ಲ."

ನಿಮ್ಮ ಮನೆಯ ಗೌರಮ್ಮನ ಹೆಸರನ್ನು ನೀವು ಎಲ್ಲಿ ಬರೆದಿದ್ದೀರಿ?