ಎರಡು ಎಡಗಾಲು

ಬೀದಿಯವರೆಲ್ಲ ಆ ಮುದುಕನನ್ನು ಕೂದಲೆಳೆ ಬಡಗಿ ಎಂದೇ ಕರೆಯುತ್ತಿದ್ದರು. ಯಾವ ಬಾಗಿಲು, ಯಾವ ಮೇಜು ತೋರಿಸಿದರೂ "ಕೂದಲೆಳೆಯಷ್ಟು ಹೆಚ್ಚಾಯ್ತು" ಎನ್ನುವುದು ಅವನ ಬಾಯಿಚಟ. ಊರಿಗೆಲ್ಲ ಕುರ್ಚಿ ಮಾಡಿಕೊಟ್ಟ ಈ ಮಹಾಶಯ ನಲವತ್ತು ವರ್ಷದಲ್ಲಿ ಹೆಂಡತಿಗೊಂದು ಸ್ಟೂಲನ್ನೂ ಮಾಡಿಕೊಟ್ಟಿರಲಿಲ್ಲ. ಆಕೆಯೋ ಅವನ ಸಾಮಾನಿಗೆಲ್ಲ ಉಪ್ಪುಕಾಗದ ತಿಕ್ಕಿ, ಪಾಲಿಶ್ ಬಳಿದೇ ಆಯುಸ್ಸು ಸವೆಸಿದವಳು. ಈಗ ಸೊಂಟ ಮುರಿದು ಎಂಟು ತಿಂಗಳು. ಯಾವ ಕುರ್ಚಿಯಲ್ಲಿ ಕೂತರೂ ಐದು ನಿಮಿಷಕ್ಕೆ ನೋವು, ಮತ್ತೆ ಹಾಸಿಗೆಯೇ ಗತಿ.

ಆಗ ಬುದ್ಧಿ ಬಂತು ಮುದುಕನಿಗೆ. ಇಪ್ಪತ್ತೆರಡು ವರ್ಷದಿಂದ ಅಟ್ಟದಲ್ಲಿ ಒಣಗುತ್ತಿದ್ದ ಒಂದೇ ಒಂದು ತೇಗದ ಹಲಗೆಯನ್ನು ಇಳಿಸಿದ. ಹಾಸಿಗೆಯ ಪಕ್ಕ ಮೊಣಕಾಲೂರಿ, ಹೆಂಡತಿಯ ಬೆನ್ನಿನ ಬಾಗನ್ನು ತೆಳು ಪ್ಲೈವುಡ್ ಮೇಲೆ ಗುರುತು ಹಾಕಿಕೊಂಡ.

ಮಾವನ ಕಣ್ಣು ಮಂಜಾದ ಮೇಲೆ ಯಂತ್ರದ ಕೆಲಸವೆಲ್ಲ ಸೊಸೆಯದು. ಆ ಗುರುತಿನಂತೆ ಎರಡು ಹಿಂಗಾಲು ಕೊಯ್ದಳು. ಅಡ್ಡಪಟ್ಟಿ ಕೂರುವ ಚೌಕ ತೂತುಗಳನ್ನು ರೌಟರ್ ಎಂಬ ಕೊರೆಯುವ ಯಂತ್ರದಲ್ಲಿ ತೆಗೆದಳು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದಾಗ ತಪ್ಪು ಕಂಡಿತು. ಒಂದರ ತೂತು ಒಳಗೆ ನೋಡುತ್ತಿತ್ತು, ಇನ್ನೊಂದರದು ಹೊರಗೆ. ಎರಡನೆಯದನ್ನು ತಿರುಗಿಸದೆ ಹಾಗೆಯೇ ಯಂತ್ರಕ್ಕೆ ಕೊಟ್ಟಿದ್ದಳು. ಹೊಸ ಕಾಲು ತೆಗೆಯಲು ಹಲಗೆ ಉಳಿದಿರಲಿಲ್ಲ.

"ಮಾವ, ಹಾಳು ಮಾಡ್ಬಿಟ್ಟೆ," ಎಂದಳು. ಆ ಹಲಗೆ ಹೋದರೆ ಅತ್ತೆಯ ಕುರ್ಚಿಯೂ ಹೋದಂತೆ.

ಮುದುಕ ಕಾಲುಗಳ ಮೇಲೆ ಕೈಯಾಡಿಸಿದ. "ಎರಡೂ ಎಡಗಾಲಾ? ಎಡ, ಎಡ ಅಂತ ಕವಾಯತು ಮಾಡಿಸೋಣ ಬಿಡು. ಹಲಗೆ ಕೊಯ್ದ ಚೂರಿನ ಬುಟ್ಟಿ ತಾರಮ್ಮ. ಎಸೆದಿಲ್ಲ ತಾನೇ?"

"ಇಲ್ಲ ಮಾವ."

ಚೂರುಗಳನ್ನು ಬೆಂಚಿನ ಮೇಲೆ ಸುರಿದು, ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಸವರಿದ. ಉಗುರಿನಿಂದ ಮರದ ಎಳೆ ಮೀಟಿದ. ಕೆಲವನ್ನು ಮೂಸಿದ. ಹದಿನೇಳನೆಯದೋ ಹದಿನೆಂಟನೆಯದೋ ಕೈಗೆ ಬಂದಾಗ ನಿಂತ. "ಇದು ಈ ಕಾಲಿಗೆ ಒಡಹುಟ್ಟಿದ್ದು. ಹಿಡಿದು ನೋಡು."

ಸೊಸೆ ಹಿಡಿದಳು. ಕಾಲಿನ ಕಪ್ಪು ಎಳೆಯೊಂದು ನೆಟ್ಟಗೆ ಚೂರಿನೊಳಕ್ಕೆ ಹರಿದಿತ್ತು. ಅವಳ ಮೈ ಜುಮ್ಮೆಂದಿತು. ಕಣ್ಣು ನೆಟ್ಟಗಿದ್ದ ತಾನು ಇಡೀ ದಿನ ಕೂತಿದ್ದರೂ ಇದನ್ನು ಹೆಕ್ಕುತ್ತಿರಲಿಲ್ಲ.

ಮುದುಕ ಆ ಚೂರನ್ನು ಉಜ್ಜಿ ಉಜ್ಜಿ, "ಇನ್ನೂ ಕೂದಲೆಳೆಯಷ್ಟು" ಎಂದು ಗೊಣಗುತ್ತ, ಅಂಟು ಸವರಿ ತಪ್ಪು ತೂತಿಗೆ ಬಡಿದು ಕೂರಿಸಿದ. ಒಣಗಿದ ಮೇಲೆ ಮೇಲ್ಮೈ ಸಮ ಮಾಡಿದ. ಸೊಸೆ ಕಾಲನ್ನು ಮೂರು ಸಲ ತಿರುಗಿಸಿ ನೋಡಿ, ಸರಿಯಾದ ಕಡೆ ಹೊಸ ತೂತು ಕೊರೆದಳು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಹಳೆಯ ತೂತಿನ ಜಾಗ ಹುಡುಕಿದಳು. ಸಿಗಲಿಲ್ಲ.

"ಎಲ್ಲಿತ್ತು ಮಾವ?"

"ನನ್ನ ಕೇಳ್ಬೇಡ. ನಂಗೂ ಸಿಗ್ತಿಲ್ಲ."

ಪಾಲಿಶ್ ಹಾಕುವ ಮೊದಲು ಅಳತೆ ನೋಡೋಣವೆಂದು, ಜೋಡಿಸಿದ ಕುರ್ಚಿಯನ್ನು ಹಾಸಿಗೆಯ ಪಕ್ಕಕ್ಕೆ ತಂದರು. ಮಾವ ಒಂದು ಕಡೆ, ಸೊಸೆ ಒಂದು ಕಡೆ ಹಿಡಿದು ಅತ್ತೆಯನ್ನು ಕೂರಿಸಿದರು. ಐದು ನಿಮಿಷವಾಯಿತು. ಹತ್ತಾಯಿತು. ಇಬ್ಬರೂ ಉಸಿರು ಬಿಗಿಹಿಡಿದು ಆಕೆಯ ಮುಖವನ್ನೇ ನೋಡುತ್ತಿದ್ದರು. ಅತ್ತೆಯ ಬಲಗೈ ಜೋಲುಬಿದ್ದು, ಹೆಬ್ಬೆರಳು ಹಿಂಗಾಲನ್ನು ಸವರುತ್ತ ಹೋಗಿ ಒಂದು ಕಡೆ ನಿಂತಿತು.

"ರೀ, ಇಲ್ಲೊಂದು ತೇಪೆ ಇದೆ."

ಮುದುಕನ ಬಾಯಿ ತೆರೆದದ್ದು ತೆರೆದೇ ಇತ್ತು. "ನಿಂಗೆ ಹೇಗೆ ಗೊತ್ತಾಯ್ತೇ?"

"ನಲವತ್ತು ವರ್ಷ ನಿಮ್ಮ ತೇಪೆ ಮೇಲೆಲ್ಲ ಪಾಲಿಶ್ ಬಳಿದಿದ್ದು ಯಾರು?"

ಸೊಸೆ ಆ ಇಬ್ಬರನ್ನೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಮನುಷ್ಯರ ಬೆರಳಿಗೆ ಇಷ್ಟೆಲ್ಲ ತಿಳಿಯುತ್ತದೆಯೇ! "ತಪ್ಪು ನಂದು ಅತ್ತೆ," ಎಂದಳು. "ಸ್ವಲ್ಪ ಏಳಿ, ಪಾಲಿಶ್ ಹಾಕಿ ಮುಚ್ಚಿಬಿಡ್ತೀನಿ."

"ನಾಳೆ ನೋಡೋಣ ಕಣೇ," ಎಂದಳು ಅತ್ತೆ, ಬೆನ್ನನ್ನು ಇನ್ನಷ್ಟು ಹಿಂದಕ್ಕೊರಗಿಸಿ. "ನಾನೀಗ ಏಳಲ್ಲ."