ಬಾತುಗಳಿಗೆ ಬಳಿದ ಸುಣ್ಣ

ಸತ್ತದ್ದು ಮೂರು ಬಾತುಕೋಳಿಗಳು. ಶಾಲೆಯ ಹೆಸರೆತ್ತಿದರೆ ಗೋಡೆಗೆ ಮುಖ ಮಾಡಿ ಕೂರುತ್ತಿರುವುದು ಹತ್ತು ವರ್ಷದ ನನ್ನ ಮಗಳು. ಚಪ್ಪಾಳೆ ಗಿಟ್ಟಿಸಿದವರು ಮಾತ್ರ ಇವೆರಡಕ್ಕೂ ಕಾರಣರಾದ ಮಹನೀಯರು.

ಮೊದಲೇ ಹೇಳಿಬಿಡುತ್ತೇನೆ. ಈ ವಾರದ ಅಂಕಣದಲ್ಲಿ ನನ್ನಿಂದ ತಾಳ್ಮೆಯನ್ನು ನಿರೀಕ್ಷಿಸಬೇಡಿ.

ಈ ಬಾತುಗಳು ನಮ್ಮ ಮನೆಗೆ ಬಂದದ್ದು ಕುಣಿಗಲ್ ಕಡೆಯಿಂದ. ಕೊತ್ತಗೆರೆಯಲ್ಲಿ ನನ್ನ ಅಕ್ಕನ ಮನೆಯಿದೆ. ಭತ್ತದ ಕೊಯ್ಲು ಮುಗಿದ ಗದ್ದೆಗಳಿಗೆ ಹಿಂಡುಗಟ್ಟಲೆ ಬಾತು ಹೊಡೆದುಕೊಂಡು ಬರುವ ಅಲೆಮಾರಿಗಳಿಂದ ಅಕ್ಕ ನಾಲ್ಕು ಮರಿಗಳನ್ನು ಕೊಂಡು ನನ್ನ ಮಗಳು ಉಷಾಳ ಮಡಿಲಿಗೆ ಹಾಕಿದಳು. ಬಿದಿರು ಬುಟ್ಟಿಯ ಬಾಯಿಗೆ ಹಳೆಯ ಸೀರೆ ಕಟ್ಟಿಕೊಂಡು ತುಮಕೂರಿನ ಬಸ್ಸು ಹತ್ತಿದೆವು. ಹೆಬ್ಬೂರು ಬರುವಷ್ಟರಲ್ಲಿ ಕಂಡಕ್ಟರ್ ಬುಟ್ಟಿಯ ಕಡೆ ಕಿವಿಗೊಟ್ಟ.

“ಏನಕ್ಕಾ, ನಿಮ್ ಬುಟ್ಟಿ ಮಾತಾಡ್ತಾ ಐತೆ?”

“ಅವಿನ್ನೂ ಚಿಕ್ಕ ಮಕ್ಳು ಕಣಣ್ಣ, ಟಿಕೆಟ್ ಇಲ್ಲ” ಎಂದಳು ಉಷಾ. ಇಡೀ ಬಸ್ಸು ನಕ್ಕಿತು. ನಕ್ಕವರಲ್ಲಿ ಒಬ್ಬರೂ ಅವಳ ಬಣ್ಣವನ್ನು ನೋಡಿ ನಕ್ಕಿರಲಿಲ್ಲ. ಆ ನಗುವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಂದು ನಗು ಬರಲಿದೆ.

ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ಸಿಮೆಂಟ್ ತೊಟ್ಟಿಯಿದೆ. ಅದೇ ಅವುಗಳ ಕೆರೆಯಾಯಿತು. ರಾಗಿಯ ನುಚ್ಚು, ಮಿಕ್ಕ ಅನ್ನ, ಬಚ್ಚಲ ಮೋರಿಯ ಪಕ್ಕದ ಎರೆಹುಳು: ಅವುಗಳ ಊಟದಲ್ಲಿ ಯಾವ ಭೇದಭಾವವೂ ಇರಲಿಲ್ಲ. ಉಷಾ “ಬಾ ಬಾ ಬಾ” ಎಂದರೆ ಸಾಲಾಗಿ ಓಲಾಡುತ್ತ ಬರುತ್ತಿದ್ದವು. ನಾನು ಕರೆದರೆ ಒಂದೂ ತಿರುಗಿ ನೋಡುತ್ತಿರಲಿಲ್ಲ. (ಮಹಿಳಾ ಸಂಘದ ಸಭೆಗಳಿಂದಾಗಿ ನನಗೆ ಅದು ಅಭ್ಯಾಸವಾಗಿದೆ.)

ಬೆಳೆದ ಬಾತುಗಳ ಮೈ ಬೂದುಗಂದು. ರೆಕ್ಕೆಯ ಮೇಲೆ ಒಣಗಿದ ಎಲೆಗಳಂಥ ಮಚ್ಚೆ. ಉಷಾಳದು ನನ್ನದೇ ಬಣ್ಣ, ಕಪ್ಪು. (“ಕಪ್ಪಲ್ಲ, ಎಣ್ಣೆಗೆಂಪು” ಎಂದು ತಿದ್ದುವ ಬಂಧುಗಳಿದ್ದಾರೆ. ಅವರ ಸಮಾಧಾನ ನಮಗೆ ಬೇಕಾಗಿಲ್ಲ.)

ಎದುರು ಮನೆಯ ರುಕ್ಮಿಣಮ್ಮನವರಿಗೆ ನಮ್ಮ ಬಾತುಗಳೆಂದರೆ ಮೈಲಿಗೆ. ಮೂಗಿಗೆ ಸೆರಗು ಹಿಡಿದೇ ನಮ್ಮ ಗೇಟು ದಾಟುತ್ತಿದ್ದರು.

“ಏನ್ರೀ ಇದು, ಮರ್ಯಾದಸ್ಥರ ಬೀದೀಲಿ ಕೋಳಿ ಸಾಕ್ತೀರಲ್ಲ!”

“ತಿನ್ನೋದಕ್ಕಲ್ಲ ರುಕ್ಮಿಣಮ್ಮ, ಸುಮ್ನೆ ಸಾಕ್ತೀವಿ.”

“ತಿನ್ನದೆ ಇರೋರು ಯಾಕ್ರೀ ಸಾಕ್ತಾರೆ?”

ಪ್ರೀತಿಗೂ ಒಂದು ಉಪಯೋಗ ತೋರಿಸಬೇಕೆಂದು ಕೇಳುವವರಿದ್ದಾರೆ. ನುಚ್ಚಿನ ಬಟ್ಟಲು ಹಿಡಿದು ಹಿತ್ತಲಿಗೆ ಹೋದೆ.

ಹೀಗಿರುವಾಗ ಬಡಾವಣೆಯ ಶಾಲೆಯ ಡ್ರಿಲ್ ಮೇಷ್ಟ್ರು ಒಂದು ಸಂಜೆ ಮನೆಗೆ ಬಂದರು. “ಮೇಡಂ, ಸ್ಕೂಲ್ ಡೇಗೆ ಸರಸ್ವತಿ ಟ್ಯಾಬ್ಲೋ ಮಾಡ್ತಾ ಇದೀವಿ. ಹಂಸ ಬೇಕು. ನಿಮ್ ಬಾತು ಒಂದಿನದ ಮಟ್ಟಿಗೆ ಕೊಡಿ. ಉಷಾಗೂ ಒಂದು ಪಾರ್ಟ್ ಇದೆ.”

ಉಷಾ ಜೊತೆಯಲ್ಲಿರುವುದಾದರೆ ಕೊಡುತ್ತೇನೆ ಎಂದೆ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದ ಉಷಾಳ ಲೆಕ್ಕಾಚಾರ ಸರಳವಾಗಿತ್ತು. ಹಂಸಗಳು ತನ್ನವು, ತನ್ನ ಮಾತನ್ನಷ್ಟೇ ಕೇಳುತ್ತವೆ. ಅಂದಮೇಲೆ ಸರಸ್ವತಿ ಇನ್ಯಾರು? ಅಂದಿನಿಂದ ಸೌದೆಯ ತುಂಡೊಂದನ್ನು ವೀಣೆ ಮಾಡಿಕೊಂಡು ತೊಟ್ಟಿಯ ಕಟ್ಟೆಯ ಮೇಲೆ ಕೂತು ಅಭ್ಯಾಸ ನಡೆಸಿದಳು. ಬಾತುಗಳು ಕೆಳಗೆ ಕೂತು ಕೇಳುತ್ತಿದ್ದವು. ನನ್ನ ಗಂಡ (“ನಮ್ಮ ಯಜಮಾನರು” ಎಂದು ನಾನು ಬರೆಯುವುದಿಲ್ಲವೆಂದು ಹಳೆಯ ಓದುಗರಿಗೆ ಗೊತ್ತು) ಆಫೀಸಿನಿಂದ ಬಂದವರು “ತಾಯೀ, ಪ್ರಮೋಷನ್ ಕೊಡ್ಸಮ್ಮ” ಎಂದು ಕೈಮುಗಿಯುತ್ತಿದ್ದರು.

ಸ್ಕೂಲ್ ಡೇ ದಿನ ನನಗೆ ಕುಣಿಗಲ್ಲಿನಲ್ಲಿ ಸಂಘದ ಸಭೆಯಿತ್ತು. ಬಸ್ಸಿಳಿದು ನೇರ ಶಾಲೆಯ ಮೈದಾನಕ್ಕೆ ಹೋದೆ. ಪರದೆ ಮೇಲೆದ್ದಿತು. ರಟ್ಟಿನ ದೊಡ್ಡ ತಾವರೆ. ಅದರ ಮೇಲೆ ಬಿಳಿ ರೇಷ್ಮೆಯುಟ್ಟು ರಟ್ಟಿನ ವೀಣೆ ಹಿಡಿದ ಸರಸ್ವತಿ. ಪಾದದ ಬಳಿ ನೀಲಿ ಹಾಕಿ ಒಗೆದ ಪಂಚೆಯಂತೆ ಬೆಳ್ಳಗಿರುವ ನಾಲ್ಕು ಹಂಸಗಳು.

ಸರಸ್ವತಿ ಶಾಲಾ ಕಮಿಟಿಯ ಸದಸ್ಯರೊಬ್ಬರ ಮೊಮ್ಮಗಳು. ಹಾಲಿನಂಥ ಬಣ್ಣ. (ಆ ಮಗುವಿನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಬಾತುಗಳಿಗೆ ಹೆದರಿ, ಅಳು ನುಂಗಿಕೊಂಡು ಕೂತಿತ್ತು ಪಾಪ.) ನನ್ನ ಮಗಳೆಲ್ಲಿ? ನಮ್ಮ ಬೂದುಗಂದು ಬಾತುಗಳೆಲ್ಲಿ?

ಪಕ್ಕದಲ್ಲಿದ್ದ ರುಕ್ಮಿಣಮ್ಮ ಕೈಮುಗಿದಿದ್ದರು. “ಹಂಸಗಳು ಎಷ್ಟು ಲಕ್ಷಣವಾಗಿವೆ ನೋಡ್ರೀ!”

ಮೂಗಿನ ಮೇಲೆ ಸೆರಗಿರಲಿಲ್ಲ. ಅದೇ ಬಾತು, ಅದೇ ಕೊಕ್ಕು, ಅದೇ ವಾಸನೆ. ಬೆಳ್ಳಗಾದ ಕೂಡಲೇ ಮೈಲಿಗೆಯೇ ದೈವವಾಯಿತು. ಸ್ಟುಡಿಯೋದವನ ಫ್ಲಾಶ್ ಮಿಂಚಿತು. ಚಪ್ಪಾಳೆ ಬಿತ್ತು.

ನಡೆದದ್ದನ್ನು ಉಷಾ ಹೇಳಿದ್ದು ಮನೆಗೆ ಬಂದ ಮೇಲೆ, ನೆಲ ನೋಡುತ್ತ.

“ಬೂದು ಬಣ್ಣದ ಹಂಸ ಎಲ್ಲಾದ್ರೂ ಇರತ್ತಾ ಅಂದ್ರು ಡ್ರಿಲ್ ಮೇಷ್ಟ್ರು. ಕಾಂಪೌಂಡಿಗೆ ಹೊಡೆಯಕ್ಕೆ ಕಲಸಿದ್ದ ಸುಣ್ಣ ತಂದು, ಅಂಟಲಿ ಅಂತ ಗೋಂದು ಹಾಕಿ, ಬ್ರಷ್ಷಲ್ಲಿ ಬಳಿದ್ರು. ಬೇಡ ಸಾರ್, ಉರಿಯತ್ತೆ ಸಾರ್ ಅಂದೆ ಅಮ್ಮಾ.”

“ನಿನ್ನ ಪಾರ್ಟು?”

“ಸರಸ್ವತಿ ನಾನಲ್ವಾ ಸಾರ್ ಅಂದೆ. ‘ಬಾತಿಗಾದ್ರೆ ಒಂದ್ ಕೋಟ್ ಸಾಕು, ನಿಂಗೆ ಬಳಿಯಕ್ಕೆ ಒಂದ್ ಮೂಟೆ ಸುಣ್ಣ ಬೇಕಾಗತ್ತೆ ಕಣೇ’ ಅಂದ್ರು. ಎಲ್ರೂ ನಕ್ಕರು. ಮಿಸ್ಸೂ ನಕ್ಕರು. ಆಮೇಲೆ ತಾವರೆ ಹಿಂದೆ ಬಗ್ಗಿ ಕೂತ್ಕೊಂಡು ಬಾತು ಹಿಡ್ಕೋ, ತಲೆ ಎತ್ತಬೇಡ ಅಂದ್ರು.”

ಇದೇ ಆ ಇನ್ನೊಂದು ನಗು.

ಬಾತುಗಳ ಕಣ್ಣುಗಳು ಕೆಂಡದಂತಾಗಿದ್ದವು. ಮೈಯ ಪುಕ್ಕಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು. “ನೀರಿಗೆ ಬಿಟ್ರೆ ಸರಿಹೋಗ್ತವೆ” ಎಂದು ಉಷಾ ಅವನ್ನು ತೊಟ್ಟಿಗೆ ಬಿಟ್ಟಳು.

ಮುಳುಗಿದವು.

ಬಾತುಕೋಳಿ ನೀರಿನಲ್ಲಿ ಮುಳುಗುವುದನ್ನು ನೀವು ನೋಡಿದ್ದೀರಾ? ಮೊದಲು ಮೈ ತಗ್ಗಿತು. ಆಮೇಲೆ ರೆಕ್ಕೆ. ಕತ್ತು ಮಾತ್ರ ಮೇಲೆ ಚಾಚಿಕೊಂಡು, ತಮಗೇನಾಗುತ್ತಿದೆ ಎಂದು ತಿಳಿಯದೆ ಕಾಲು ಬಡಿಯುತ್ತಿದ್ದವು. ಎತ್ತಿ ಟವೆಲಿನಲ್ಲಿ ಸುತ್ತಿ ಬಚ್ಚಲ ಒಲೆಯ ಮುಂದಿಟ್ಟೆವು. ಬೆಳಗಾಗುವಷ್ಟರಲ್ಲಿ ಮೂರು ಸೆಟೆದುಕೊಂಡಿದ್ದವು.

ಗುಬ್ಬಿಯಲ್ಲಿ ದನದ ಡಾಕ್ಟರಾಗಿರುವ ನನ್ನ ತಮ್ಮ ಬಂದು ಉಳಿದೊಂದನ್ನು ನೋಡಿದ. “ಅಕ್ಕಾ, ಇವು ಕೊಕ್ಕಿನಿಂದ ಪುಕ್ಕಕ್ಕೆಲ್ಲ ಎಣ್ಣೆ ಸವರ್ಕೋತವೆ. ಆ ಎಣ್ಣೆ ಇದ್ರೇನೇ ತೇಲೋದು. ಸುಣ್ಣ ಅದನ್ನ ತಿಂದ್ಹಾಕಿದೆ. ಮೈ ಚೊಕ್ಕಟ ಮಾಡ್ಕೊಳ್ಳಕ್ಕೆ ಹೋಗಿ ಸುಣ್ಣಾನೂ ನುಂಗಿವೆ. ಇದರ ಒಂದು ಕಣ್ಣು ಹೋಗಿದೆ.”

ಅಂದರೆ, ಅವುಗಳನ್ನು ನೀರಿನ ಮೇಲೆ ತೇಲಿಸುತ್ತಿದ್ದದ್ದನ್ನೇ ಕಿತ್ತುಕೊಂಡು, ಅದರ ಬದಲಿಗೆ ನಾವು ಬಿಳುಪು ಕೊಟ್ಟೆವು. ಬದುಕಿದ ಬಾತು ಈಗ ತೊಟ್ಟಿಯ ಹತ್ತಿರ ಸುಳಿಯುವುದಿಲ್ಲ. ಬದುಕಿದ ಹುಡುಗಿ ಶಾಲೆಯ ಹತ್ತಿರ ಸುಳಿಯುವುದಿಲ್ಲ.

ಇದು ಒಬ್ಬ ಡ್ರಿಲ್ ಮೇಷ್ಟರ ಅವಿವೇಕ ಎಂದು ಕೈತೊಳೆದುಕೊಳ್ಳಲು ನಾನು ಬಿಡುವುದಿಲ್ಲ. ಮೂಕಪ್ರಾಣಿಯ ಮೈಗೆ ಸುಣ್ಣ ಹೊಡೆದದ್ದು ಕ್ರೌರ್ಯ. ಮಗುವಿನ ಬಣ್ಣವನ್ನು ಹಾಸ್ಯದ ವಸ್ತು ಮಾಡಿದ್ದು ಅದಕ್ಕಿಂತ ನೀಚವಾದ ಕ್ರೌರ್ಯ. ಜೊತೆಗೆ ನಕ್ಕ ಶಿಕ್ಷಕಿ ಅದರಲ್ಲಿ ಪಾಲುದಾರಳು. ಆದರೆ ಸುಣ್ಣದ ಬಕೆಟ್ಟನ್ನು ಅವರ ಕೈಗೆ ಕೊಟ್ಟವರು ಯಾರು? ವಧು-ವರರ ಜಾಹೀರಾತಿನಲ್ಲಿ “ಬೆಳ್ಳಗಿರುವ ಕನ್ಯೆ ಬೇಕಾಗಿದೆ” ಎಂದು ಸಂಕೋಚವಿಲ್ಲದೆ ಅಚ್ಚು ಹಾಕಿಸುವವರು ಯಾರು? ಹೆರಿಗೆ ವಾರ್ಡಿನಲ್ಲಿ “ಹುಡುಗಿ, ಅದೂ ಕಪ್ಪು” ಎಂದು ಎರಡೆರಡು ಸಲ ನಿಟ್ಟುಸಿರು ಬಿಡುವವರು ಯಾರು? ಕೃಷ್ಣ ಎಂದರೇ ಕಪ್ಪು. ಆ ಕೃಷ್ಣನಿಗೂ ಕ್ಯಾಲೆಂಡರಿನಲ್ಲಿ ನೀಲಿ ಬಳಿದ ಜನ ನಾವು. ರುಕ್ಮಿಣಮ್ಮನವರು ದಿನ ಬೆಳಗಾದರೆ ಅಡ್ಡಬೀಳುವ ದೇವರು ಕಪ್ಪು ಕಲ್ಲಿನದು. ಕಲ್ಲು ಕಪ್ಪಗಿದ್ದರೆ ದೇವರು, ಹುಡುಗಿ ಕಪ್ಪಗಿದ್ದರೆ ತಾವರೆಯ ಹಿಂದೆ!

ನಾನು ಹೆಡ್‌ಮಾಸ್ಟರನ್ನು ಕಾಣಲು ಹೊರಟಾಗ ಉಷಾ ಗೋಡೆಯ ಕಡೆಯಿಂದ ಮೊದಲ ಬಾರಿ ಮುಖ ತಿರುಗಿಸಿದಳು.

“ಅಮ್ಮಾ, ಫೋಟೋ ತೆಗೆಯೋವಾಗ ಚಿಕ್ಕ ಬಾತು ನಡುಗ್ತಿತ್ತು. ಕೈ ಹೊರಗೆ ಹಾಕಿ ಅದರ ಕತ್ತು ಸವರ್ತಾ ಇದ್ದೆ. ನನ್ ಕೈ ಫೋಟೋದಲ್ಲಿ ಬಂದಿರತ್ತೆ ಅಲ್ವಾ? ನೋಡ್ಕೊಂಡ್ ಬಾ.”

ಹೆಡ್‌ಮಾಸ್ಟರು ಸೌಜನ್ಯದ ಮೂರ್ತಿ. ಕುರ್ಚಿ ಎಳೆದು ಹಾಕಿದರು. ಕಾಫಿ ತರಿಸಿದರು. (ನಾನು ಮುಟ್ಟಲಿಲ್ಲ.)

“ಬಾತು ತಾನೇ ಮೇಡಂ? ಬೇರೆ ತರಿಸ್ಕೊಡೋಣ ಬಿಡಿ.”

“ಸುಣ್ಣ ಬಳಿದರೆ ಸಾಯುತ್ತವೆ ಎಂದು ನಿಮಗೆ ಅನ್ನಿಸಲಿಲ್ಲವೇ?”

“ದೇವಸ್ಥಾನಕ್ಕೇ ಬಳೀತೀವಲ್ಲ ಮೇಡಂ!”

“ನನ್ನ ಮಗಳು ಯಾಕೆ ಸರಸ್ವತಿಯಾಗಬಾರದಿತ್ತು?”

ಅವರು ಧ್ವನಿ ತಗ್ಗಿಸಿದರು. “ನೀವು ಓದಿದೋರು, ನಿಮಗೆ ನಾನ್ ಹೇಳ್ಬೇಕಾ? ನನಗೇನೂ ಭೇದ ಇಲ್ಲ. ಆದ್ರೆ ಜನ ಒಪ್ಪಬೇಕಲ್ಲ. ಸರಸ್ವತಿ ಅಂದ್ರೆ ಒಂದು ಕಲ್ಪನೆ ಇದೆ.”

ಭೇದ ಮಾಡುವವರಿಗೆ ಯಾವತ್ತೂ ಭೇದವಿರುವುದಿಲ್ಲ. ಅದು ಯಾವಾಗಲೂ “ಜನ”ಕ್ಕೆ ಇರುತ್ತದೆ. ಈ “ಜನ” ಎಂಬಾತನ ವಿಳಾಸ ಸಿಕ್ಕಿದರೆ ಅವನನ್ನೂ ಕಂಡು ಬರುತ್ತಿದ್ದೆ.

ನಾನು ಎದ್ದು ನಿಂತಾಗ ಅವರು ಅಭಿಮಾನದಿಂದ ಗೋಡೆ ತೋರಿಸಿದರು. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿದ ಫೋಟೋ. ತಾವರೆ, ಸರಸ್ವತಿ, ಹಂಸಗಳು. ಹತ್ತಿರ ಹೋಗಿ ನೋಡಿದೆ. ಕೊನೆಯ ಚಿಕ್ಕ ಬಾತಿನ ಕತ್ತಿನ ಬಳಿ ರಟ್ಟಿನ ದಳವೊಂದು ಸ್ವಲ್ಪ ಹೆಚ್ಚಾಗಿಯೇ ಬೆಳ್ಳಗಿತ್ತು.

“ಇಲ್ಲಿ ಏನಿತ್ತು?”

“ಓ ಅದಾ? ಹಿಂದಿನಿಂದ ಯಾರದೋ ಕೈ ಕಾಣ್ತಿತ್ತು ಮೇಡಂ. ಅಸಹ್ಯವಾಗಿತ್ತು. ಸ್ಟುಡಿಯೋದೋರ ಹತ್ರ ನೀಟಾಗಿ ಟಚ್ ಮಾಡ್ಸಿದೀವಿ.”

ಯಾರದೋ ಕೈ! ನಾಲ್ಕು ಜೀವಗಳಿಗೆ ಅಲ್ಲಿ ನೋವಾಗುತ್ತಿದೆ ಎಂದು ಆ ಇಡೀ ಮೈದಾನದಲ್ಲಿ ಅರಿತಿದ್ದ ಒಂದೇ ಒಂದು ಕೈ ಅದು. ಅದಕ್ಕೂ ಬಿಳಿ ಬಳಿದುಬಿಟ್ಟಿದ್ದಾರೆ.

ಮನೆಗೆ ಬಂದಾಗ ಉಷಾ ಬಾಗಿಲಲ್ಲೇ ನಿಂತಿದ್ದಳು. “ಬಂದಿದೆಯಾ ಅಮ್ಮಾ?” ಎಂದಳು. ಸುಳ್ಳು ಹೇಳಬಾರದೆಂದು ನಾನೇ ಕಲಿಸಿದ ಹುಡುಗಿ. “ಇನ್ನೂ ಇಲ್ಲ” ಎಂದೆ. ಆ “ಇನ್ನೂ” ಎಂಬ ಮಾತನ್ನು ನಿಜ ಮಾಡುವುದು ಈಗ ನನ್ನ ಕೈಯಲ್ಲಿಲ್ಲ.

ಆದ್ದರಿಂದ, ಮಾನ್ಯ ಹೆಡ್‌ಮಾಸ್ಟರೇ, ಶಾಲಾ ಕಮಿಟಿಯ ಮಾನ್ಯ ಸದಸ್ಯರೇ, ನಿಮ್ಮ ಬದಲಿ ಬಾತುಗಳು ನಮಗೆ ಬೇಡ. ಸ್ಟುಡಿಯೋದಲ್ಲಿ ವಿಚಾರಿಸಿದ್ದೇನೆ, ನೆಗೆಟಿವ್ ಹಾಗೇ ಇದೆ, ಅದಕ್ಕೆ ಯಾರೂ ಬಣ್ಣ ಬಳಿದಿಲ್ಲ. ಬರುವ ಸೋಮವಾರದ ಪ್ರಾರ್ಥನೆಯ ಹೊತ್ತಿಗೆ ಅದರಿಂದ ಹೊಸ ಪ್ರಿಂಟ್ ಹಾಕಿಸಿ, ಅಂದು ನಕ್ಕ ಮಕ್ಕಳ ಎದುರಿನಲ್ಲೇ, ಅದೇ ಗೋಡೆಯ ಅದೇ ಮೊಳೆಗೆ ತೂಗುಹಾಕಿ, ಆ ಕೈ ಯಾರದೆಂದು ಹೆಸರು ಹಿಡಿದು ಹೇಳಿ.