ಹರಾಜು ನಿಲ್ಲಿಸದೆ ತೆಗೆದ ನಕಲು

ಶಿಡ್ಲಘಟ್ಟದ ಒಂದು ಖಾಸಗಿ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಾನು ಕಸ ಗುಡಿಸಿ ಟೀ ಕಾಯಿಸುತ್ತೇನೆ. ಓದಿದ್ದು ಎರಡನೇ ಕ್ಲಾಸು. ಮೊದಲು ಊರಲ್ಲಿ ಹುಳ ಸಾಕುತ್ತಿದ್ದೆ. ಸೊಂಟ ಕೈಕೊಟ್ಟ ಮೇಲೆ ಬಿಟ್ಟೆ.

ಮಾರುಕಟ್ಟೆಯ ಹಿಂದಿನ ತಣ್ಣನೆಯ ಕೋಣೆಯಲ್ಲಿ ಸರ್ವರ್ ಎಂಬ ದೊಡ್ಡ ಕಂಪ್ಯೂಟರ್ ಇದೆ. ಯಾವ ರೈತ ಗೂಡು ತಂದ, ಎಷ್ಟು ತೂಗಿತು, ಯಾರು ಕೊಂಡರು, ಎಲ್ಲ ಅದರ ಹೊಟ್ಟೆಯಲ್ಲಿದೆ. ಅದನ್ನು ನೋಡಿಕೊಳ್ಳುವವಳು ಒಬ್ಬ ಹುಡುಗಿ, ಇದೇ ಊರಿನ ನೂಲು ತೆಗೆಯುವ ಸಾಹೇಬರ ಮನೆಯ ಸೊಸೆ. ಆಗ ತುಂಬು ಬಸುರಿ. ಹೆರಿಗೆಗೆ ಗೌರಿಬಿದನೂರಿನ ತವರಿಗೆ ಹೋಗಬೇಕಿತ್ತು.

ಆ ಕಂಪ್ಯೂಟರು ಹಳತಾಗಿ ಒಳಗಿನಿಂದ ಗೊರಗೊರ ಸದ್ದು ಮಾಡುತ್ತಿತ್ತು. ನಿಂತುಹೋಗುವ ಮೊದಲು ಒಳಗಿದ್ದುದನ್ನೆಲ್ಲ ಚಿಕ್ಕಬಳ್ಳಾಪುರದ ಆಫೀಸಿನ ಹೊಸ ಕಂಪ್ಯೂಟರಿಗೆ ನಕಲು ಮಾಡಬೇಕು. ಆದರೆ ಹರಾಜು ನಿಲ್ಲಿಸುವಂತಿಲ್ಲ. ಗೂಡು ಕಾಯುವ ವಸ್ತುವಲ್ಲ. ಒಳಗಿನ ಚಿಟ್ಟೆ ತೂತು ಮಾಡಿ ಹೊರಬಂದರೆ ನೂಲು ಹೋಯಿತು, ರೈತ ಬಾಯಿ ಬಡಿದುಕೊಳ್ಳಬೇಕು.

ಮೊದಲ ಸಲ ಅವಳು ಎಡವಿದಳು. ತೂಕದ ಲೆಕ್ಕವನ್ನು ಬೆಳಿಗ್ಗೆ ನಕಲು ಮಾಡಿದಳು, ಮಾರಾಟದ ಲೆಕ್ಕದ ಸರದಿ ಬರುವಾಗ ಮಧ್ಯಾಹ್ನವಾಗಿತ್ತು. ಅಷ್ಟರಲ್ಲಿ ಎಷ್ಟೋ ಜನ ಬಂದು ತೂಗಿಸಿ ಮಾರಿ ಹೋಗಿದ್ದರು. ನಕಲಿನಲ್ಲಿ ನೋಡಿದರೆ ಮಾರಿದ ಗೂಡಿದೆ, ತೂಗಿದ ಗೂಡಿಲ್ಲ. ಮ್ಯಾನೇಜರು ಕೋಣೆಯ ಬಾಗಿಲಲ್ಲೇ ನಿಂತು ಹೇಳಿದರು:

"ಆಗಲ್ಲ ಅಂದ್ರೆ ಹೇಳಮ್ಮ, ಹೊರಗಿನವರನ್ನ ಕರೆಸ್ತೀನಿ. ಆದ್ರೆ ಅವರು ಬಂದ್ರೆ ಅವರೇ ಇರ್ತಾರೆ."

ಬಾಣಂತನ ಮುಗಿಸಿ ಬಂದರೆ ನಿನಗೆ ಕುರ್ಚಿ ಇರಲ್ಲ ಅಂತ ಅದರ ಅರ್ಥ. ಅವಳು ತಲೆ ತಗ್ಗಿಸಿ ಇನ್ನೊಂದು ಸಲ ನೋಡ್ತೀನಿ ಎಂದಳು. ಅವರು ಹೋದ ಮೇಲೆ ಟೀ ಕುಡಿಯದೆ ಲೋಟವನ್ನೇ ಹಿಡಿದು ಕೂತಳು.

"ಕುಡಿಯೇ. ಆರಿದ್ರೆ ಇನ್ನೊಂದು ಸಲ ಕಾಯಿಸೋಳು ನಾನು," ಎಂದೆ.

ಕುಡಿಯುತ್ತಾ, ಈ ಸಲ ಹೇಗೆ ಮಾಡುತ್ತೇನೆ ಅಂತ ಹೇಳಿದಳು. ಒಂದು ಗಳಿಗೆಗೆ ಗುರುತು ಹಾಕುವುದು. ಆ ಗಳಿಗೆಯಲ್ಲಿ ಲೆಕ್ಕ ಹೇಗಿತ್ತೋ ಹಾಗೆಯೇ ನಕಲು ಮಾಡುತ್ತಾ ಹೋಗುವುದು. ಆಮೇಲೆ ಬಂದದ್ದನ್ನೆಲ್ಲ ಬೇರೆ ಹಿಡಿದಿಟ್ಟುಕೊಂಡು, ಕೊನೆಗೆ ನಕಲಿಗೆ ಸೇರಿಸುವುದು.

ನನಗೆ ಹುಳದ ಹಾಸಿಗೆ ನೆನಪಾಯಿತು. ಅದನ್ನು ಬದಲಿಸುವಾಗ ನಾವು ಹುಳವನ್ನು ಕೈಯಲ್ಲಿ ಎತ್ತುವುದಿಲ್ಲ. ಮೇಲೆ ಬಲೆ ಹಾಸಿ ಹೊಸ ಸೊಪ್ಪು ಹರಡುತ್ತೇವೆ. ಹುಳ ತಿನ್ನುತ್ತಲೇ ಮೇಲಕ್ಕೆ ಹತ್ತುತ್ತದೆ, ಬಲೆ ಎತ್ತಿ ಕೆಳಗಿನ ಕಸ ತೆಗೆಯುತ್ತೇವೆ. ಅದನ್ನೇ ಹೇಳಿದೆ.

"ಇಲ್ಲ ಅಜ್ಜಿ. ಬಲೆ ಎತ್ತಿದ್ರೆ ಕೆಳಗೆ ಹುಳ ಇರಲ್ಲ. ನಂಗೆ ಎರಡು ಕಡೆನೂ ಬೇಕು."

"ಅವಳಿ ಅನ್ನು."

"ಅಯ್ಯೋ, ಕಂಪ್ಯೂಟರಿಗೆ ಆಗ್ಲಿ. ನಂಗೆ ಒಂದೇ ಸಾಕು," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಮಾರನೇ ದಿನ ಹರಾಜು ಶುರುವಾಗುವ ಮೊದಲೇ ನಕಲಿಗೆ ಹಚ್ಚಿದಳು. ಜನ ಹೆಚ್ಚಿದಾಗ ನಕಲಿನ ವೇಗ ತಗ್ಗಿಸದಿದ್ದರೆ ಹರಾಜೇ ನಿಧಾನವಾಗುತ್ತದಂತೆ. ಅವಳಿಗೆ ಓಡಾಡಲು ಆಗುವುದಿಲ್ಲ. "ಅಜ್ಜಿ, ಹರಾಜಿನ ಹಾಲ್‌ನಲ್ಲಿ ಬೋರ್ಡು ನೋಡ್ತಿರಿ. ನಂಬರ್ ಬದಲಾಗೋದು ತಡ ಆದ್ರೆ ಬಂದು ಹೇಳಿ," ಎಂದಳು.

ಪೊರಕೆ ಹಿಡಿದು ರೇಟು ಬರುವ ಬೋರ್ಡಿನ ಎದುರು ನಿಂತೆ. ಚಿಂತಾಮಣಿ ಕಡೆಯ ರೈತನೊಬ್ಬ ನನ್ನನ್ನೇ ನೋಡುತ್ತಿದ್ದ.

"ಏಮ್ಮಾ, ಬೋರ್ಡನ್ನ ಯಾಕಂಗ್ ನೋಡ್ತಿದ್ದೀಯ? ನಿನ್ ಗಂಡನ ಫೋಟೋ ಹಾಕವ್ರಾ?"

"ನನ್ ಗಂಡ ಇಷ್ಟು ಬೆಳಕು ಕೊಟ್ಟಿದ್ರೆ ಈ ಪೊರಕೆ ಯಾಕೆ ಹಿಡೀತಿದ್ದೆ ಕಣಪ್ಪಾ," ಎಂದೆ. ಅಕ್ಕಪಕ್ಕದವರೆಲ್ಲ ನಕ್ಕರು.

ನಗು ನಿಲ್ಲುವುದರೊಳಗೆ ನಂಬರು ನಿಂತಿತು. ನಾನು ಕಣ್ಣು ಮಿಟುಕಿಸಿದೆ, ಅದು ಮಿಟುಕಲಿಲ್ಲ. ಪೊರಕೆ ಬಿಸಾಕಿ ಓಡಿದೆ. ಆ ಸೊಂಟದಲ್ಲಿ ಹೇಗೆ ಓಡಿದೆನೋ.

"ನಿಂತೈತೆ ಕಣೇ!"

ಅವಳ ಬೆರಳು ಕೀಬೋರ್ಡಿನ ಮೇಲೆ ಆಡಿತು, ನಕಲಿನ ವೇಗ ತಗ್ಗಿತು. ತಿರುಗಿ ಬಂದು ನೋಡಿದರೆ ನಂಬರು ಹರಿಯುತ್ತಿತ್ತು, ರೈತ ಬೀಡಿ ಹುಡುಕುತ್ತಿದ್ದ. ಯಾರಿಗೂ ಏನೂ ಗೊತ್ತಾಗಿರಲಿಲ್ಲ.

ಸಂಜೆಯ ಹೊತ್ತಿಗೆ ನಕಲು ಮುಗಿಯಿತು. ಮುಗಿದರೆ ಸಾಲದು, ತೆರೆದು ನೋಡಬೇಕು, ತೆರೆಯದ ನಕಲನ್ನು ನಂಬಬಾರದು ಎಂದಳು. ಚಿಕ್ಕಬಳ್ಳಾಪುರದ ಕಂಪ್ಯೂಟರಿನಲ್ಲಿದ್ದದ್ದನ್ನು ಇಲ್ಲಿಂದಲೇ ತೆರೆದಳು. ನಾನು ಅವಳ ಕುರ್ಚಿಯ ಹಿಂದೆ ನಿಂತೆ. ತೂಕ ಒಂದು ಕಡೆ, ಮಾರಾಟ ಒಂದು ಕಡೆ. ಒಂದೊಂದೇ ಹೊಂದಿಸುತ್ತಾ ಬಂದಳು.

"ಆ ಬೀಡಿಯವನು ಬಂದವ್ನಾ ನೋಡು," ಎಂದೆ. ನಕಲು ಶುರುವಾಗಿ ಎಷ್ಟೋ ಹೊತ್ತಾದ ಮೇಲೆ ಮಾರಿದವನು ಅವನು.

ಹುಡುಕಿದಳು. ಅವನ ತೂಕವೂ ಇತ್ತು, ರೇಟೂ ಇತ್ತು, ಕೊಂಡವರೂ ಇದ್ದರು. ಅವನ ಹಿಂದೆ ಬಂದ ಕೊನೆಯ ರೈತನವರೆಗೂ ಎಲ್ಲರೂ ಇದ್ದರು. ಆಗ ಅವಳು ಕೀಬೋರ್ಡು ಬಿಟ್ಟು ಕುರ್ಚಿಗೆ ಒರಗಿದಳು. ನನ್ನ ಸೆರಗಿನಲ್ಲಿದ್ದ ಬನ್ನು ತೆಗೆದು ಅವಳ ಬಾಯಿಗಿಟ್ಟೆ. ಅಳುತ್ತಲೇ ತಿಂದಳು. ನಾನು ಗೋಡೆ ನೋಡಿದೆ.

ಅಷ್ಟರಲ್ಲಿ ಮ್ಯಾನೇಜರು ಇಣುಕಿದರು. "ಏನಮ್ಮಾ, ಯಾವಾಗ ಶುರು ಮಾಡ್ತೀಯ? ಹರಾಜು ನಿಧಾನ ಆದ್ರೆ ಜನ ನನ್ನನ್ನ ಹರಿದು ತಿಂತಾರೆ."

ಅವಳು ಬನ್ನು ನುಂಗಿದಳು. "ಮುಗೀತು ಸರ್."

"ಯಾವಾಗ?"

"ಹರಾಜು ನಡೀತಿದ್ದಾಗ."

ಅವರು ಕೂತು ತಾವೇ ಒಂದಷ್ಟು ತೆರೆದು ನೋಡಿದರು. ಎದ್ದು ಕನ್ನಡಕ ಒರೆಸಿಕೊಂಡರು. "ಮಗು ಎತ್ಕೊಂಡು ಬರ್ಬೇಡ ಇಲ್ಲಿಗೆ, ಚಳಿ ಜಾಸ್ತಿ. ನೀನು ಬಾ," ಎಂದು ಹೋದರು. ಆ ಮನುಷ್ಯನ ಬಾಯಲ್ಲಿ ಅದು ದೊಡ್ಡ ಮಾತು.

ಆ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟೇ ಹೋಗಬೇಕು. ಹೊರಡುವಾಗ ನೋಡಿದರೆ ಅವಳ ಪಾದ ಊದಿಕೊಂಡು ಚಪ್ಪಲಿ ಹಿಡಿಸುತ್ತಿಲ್ಲ, ಬಗ್ಗಲು ಹೊಟ್ಟೆ ಬಿಡುತ್ತಿಲ್ಲ. ನಾನು ನೆಲಕ್ಕೆ ಕೂತು ಪಟ್ಟಿ ಸಡಿಲ ಮಾಡಿದೆ.

"ಅಯ್ಯೋ ಅಜ್ಜಿ, ನೀವು ನನ್ನ ಕಾಲು ಮುಟ್ಟಬಾರದು!"

"ಸುಮ್ನೆ ಕಾಲು ಕೊಡೇ. ಕೂತಿದ್ದೀನಿ, ಮತ್ತೆ ಏಳೋದೂ ನಾನೇ."

ಕೊಟ್ಟಳು. ಬಿಸಿಯಾಗಿತ್ತು. ಎರಡೂ ಚಪ್ಪಲಿ ಹಾಕಿದೆ. ಏಳುವಾಗ ಅವಳೇ ಕೈ ಹಿಡಿದು ಎಳೆದಳು.